ಮೌನೇಶನ ಚೀಸ್ ಪ್ಲಾಸ್ಟಿಕ್ ಆಗಿರಲಿಲ್ಲ

ಆಹಾರ ತಪಾಸಣೆಯ ಮಾನ್ಯ ಅಧಿಕಾರಿಗಳೇ,

ಕಳೆದ ಬೇಸಿಗೆಯಲ್ಲಿ ತಾವು ಗದಗಿನ ಮಾರುಕಟ್ಟೆ ರಸ್ತೆಯಲ್ಲಿ ಒಂದು ವ್ಯಾನ್ ನಿಲ್ಲಿಸಿದಿರಿ. ಅದರೊಳಗಿನ ಚೀಸನ್ನು ಪಕ್ಕದ ಚಹಾದಂಗಡಿಯ ಒಲೆಯ ಮೇಲೆ ಕರಗಿಸಿ, ಎರಡೂ ಕೈಯಿಂದ ಉದ್ದಕ್ಕೆ ಎಳೆದು, "ನೋಡ್ರಿ, ರಬ್ಬರ್ ಹಂಗ ಬರಾಕತ್ತೈತಿ. ಇದು ಪ್ಲಾಸ್ಟಿಕ್" ಎಂದು ಕ್ಯಾಮೆರಾಕ್ಕೆ ಹೇಳಿದಿರಿ. ಅದು ಪ್ಲಾಸ್ಟಿಕ್ ಆಗಿರಲಿಲ್ಲ. ಶುದ್ಧ ಹಾಲಿನ ಚೀಸ್. ತಾವೇ ಕಳಿಸಿದ ಮಾದರಿಯನ್ನು ನೋಡಿದ ಪ್ರಯೋಗಾಲಯವೂ ಅದನ್ನೇ ಹೇಳಿತು. ಆದರೆ ಅಷ್ಟರಲ್ಲಿ ವ್ಯಾನಿನ ಮಾಲೀಕ ಮೌನೇಶ ನಾಲ್ಕು ಊರಿನಲ್ಲಿ ವಿಷ ಮಾರುವವನಾಗಿದ್ದ.

ಪಿಜ್ಜಾದ ಚೀಸ್ ಎಳೆಎಳೆಯಾಗಿ ಬರದಿದ್ದರೆ ಗಿರಾಕಿ ತಟ್ಟೆ ವಾಪಸ್ ಕಳಿಸುತ್ತಾನೆ. ಬಂದರೆ ಅಧಿಕಾರಿಗಳು ಮುಟ್ಟುಗೋಲು ಹಾಕುತ್ತಾರೆ. ಪಿಜ್ಜಾ ಮಾರುವ ನಾವು ಯಾರ ಮಾತು ಕೇಳಬೇಕು? ತಮ್ಮ ಮನೆಯ ಮಕ್ಕಳೂ ಎಂದಾದರೂ ಒಂದು ತುಂಡು ಪಿಜ್ಜಾ ಎತ್ತಿ, ಆ ಎಳೆ ಎಲ್ಲಿಯವರೆಗೆ ಬರುತ್ತದೆಂದು ನೋಡಿ ನಕ್ಕಿರಬೇಕಲ್ಲವೇ? ಆಗ ತಾವು ಅವರ ತಟ್ಟೆಯನ್ನೂ ಜಪ್ತಿ ಮಾಡಿದಿರಾ?

ಮೌನೇಶ ಯಾರೆಂದು ತಮಗೆ ಗೊತ್ತಿರಲಿಕ್ಕಿಲ್ಲ. ವಿಡಿಯೋದಲ್ಲಿ ತಾವು ಅವನ ಹೆಸರನ್ನೂ ಕೇಳುವುದಿಲ್ಲ, "ಏ ವ್ಯಾನಿನವನಽ" ಎಂದೇ ಕರೆಯುತ್ತೀರಿ. ಅವನು ಅಸುಂಡಿಯ ಒಕ್ಕಲುತನದ ಮನೆಯವನು. ಬೆಟಗೇರಿಯಲ್ಲೊಂದು ಶೆಡ್ ಬಾಡಿಗೆ ಹಿಡಿದು, ಫ್ರೀಜರ್ ಇಟ್ಟು, ಚೀಸ್, ಪಿಜ್ಜಾ ಬೇಸ್, ಸಾಸ್‌ಗಳ ಹೋಲ್‌ಸೇಲ್ ವ್ಯಾಪಾರ ಮಾಡುತ್ತಿದ್ದ. ಹುಬ್ಬಳ್ಳಿಯಿಂದ ಬರುವ ದೊಡ್ಡ ಕಂಪನಿಗಳ ಗಾಡಿ ನಮ್ಮಂಥವರ ಅಂಗಡಿ ಕಡೆ ತಿರುಗಿಯೂ ನೋಡುವುದಿಲ್ಲ. ಅವರಿಗೆ ಪೆಟ್ಟಿಗೆಗಟ್ಟಲೆ ಹೋಗಬೇಕು, ನಮಗೆ ಒಂದು ಗಟ್ಟಿ ಸಾಕು. ಆ ಒಂದು ಗಟ್ಟಿ ಚೀಸಿಗೂ ಮೌನೇಶ ಲಕ್ಷ್ಮೇಶ್ವರಕ್ಕೆ ಬರುತ್ತಿದ್ದ, ಶಿರಹಟ್ಟಿಗೆ, ಮುಂಡರಗಿಗೆ ಹೋಗುತ್ತಿದ್ದ. ನಾನು ಖಾನಾವಳಿ ಬಿಟ್ಟು ಪಿಜ್ಜಾ ಅಂಗಡಿ ತೆರೆದ ದಿನವೇ ಕರೆಂಟ್ ಹೋಯಿತು. ಅವನು ನನ್ನ ಸಾಮಾನನ್ನು ತನ್ನ ವ್ಯಾನಿನ ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು, ಕರೆಂಟ್ ಬರುವವರೆಗೂ ಅಂಗಡಿಯ ಹಿಂದೆ ಗಾಡಿ ಚಾಲೂ ಇಟ್ಟುಕೊಂಡು ಕೂತಿದ್ದ. ಡೀಸೆಲ್ ಸುಡುತ್ತದಲ್ಲಪ್ಪಾ ಎಂದರೆ, ಮೊದಲನೇ ದಿನ ಅಂಗಡಿ ಮುಚ್ಚಬಾರದು ಎಂದಷ್ಟೇ ಹೇಳಿದ.

ತಮ್ಮ ವಿಡಿಯೋ ಮಾತ್ರ ವ್ಯಾನಿಗಿಂತ ಜಲ್ದಿ ಓಡಿತು. ನನ್ನ ಅಂಗಡಿಗೆ ಮಕ್ಕಳನ್ನು ಕರೆತರುತ್ತಿದ್ದ ಶಿಕ್ಷಕಿಯೊಬ್ಬರು ಅದನ್ನು ನನಗೇ ಕಳಿಸಿ, ಇದನ್ನೇ ತಿನಿಸಿದಿರೇನು ಎಂದು ಕೇಳಿದರು. ನನ್ನಂತೆಯೇ ಮೌನೇಶನಿಂದ ಚೀಸ್ ಕೊಳ್ಳುತ್ತಿದ್ದ ಶಿರಹಟ್ಟಿಯ ದುರ್ಗೇಶ ಅಂಗಡಿ ಮುಚ್ಚಿ ಓವನ್ ಮಾರಿದ. ಇತ್ತ ತಾವು ಬೀಗ ಮುದ್ರೆ ಹಾಕಿಸಿದ ವ್ಯಾನ್ ಬಿಸಿಲಲ್ಲಿ ನಿಂತು, ಒಳಗಿನದೆಲ್ಲ ಕೊಳೆಯಿತು. ಗಾಡಿ ವಾಪಸ್ ಕೊಡುವಾಗ, ಸಾಮಾನನ್ನು ಊರ ಹೊರಗೆ ಹೂಳಬೇಕೆಂದು ಅಪ್ಪಣೆಯಾಯಿತು. ಮೌನೇಶ ತಾನೇ ಕುಣಿ ತೋಡಿದ. ಬಸುರಿ ಹೆಂಡತಿ ಶೃತಿ ಮೂಗಿಗೆ ಸೆರಗು ಹಿಡಿದು ಪಕ್ಕದಲ್ಲಿ ನಿಂತಿದ್ದಳು.

ಮುಂದೆ ಅವರಿಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ನಾನೂ ಅಸುಂಡಿಗೆ ಹೋಗಿದ್ದೆ. ಮಂದಿ ಬಂದರು, ಬರಲಿಲ್ಲವೆಂದಲ್ಲ. ಹೆಣ್ಣುಮಕ್ಕಳು ಜೋಗುಳ ಹಾಡಿದರು, ಮಗುವಿನ ಕೈಗೆ ಮುಯ್ಯಿ ಇಟ್ಟರು, ಕುಂಕುಮ ಹಚ್ಚಿಸಿಕೊಂಡರು. ಊಟಕ್ಕೆ ಏಳಿ ಎಂದಾಗ ಮಾತ್ರ ಒಬ್ಬರಿಗೆ ಉಪವಾಸ ನೆನಪಾಯಿತು, ಒಬ್ಬರಿಗೆ ಹೊಟ್ಟೆ ಸರಿಯಿರಲಿಲ್ಲ, ಇನ್ನೊಬ್ಬರಿಗೆ ಬಸ್ಸಿನ ಹೊತ್ತಾಗಿತ್ತು. ಮೌನೇಶನ ತಾಯಿ ಮಂಜವ್ವ ಹುಗ್ಗಿಯ ಸೌಟು ಹಿಡಿದು ಹಾಸಿದ ಜಮಖಾನೆಯ ತುದಿಯಲ್ಲಿ ನಿಂತೇ ಇದ್ದರು. ಆ ಹುಗ್ಗಿಯಲ್ಲಿ ಚೀಸ್ ಇರಲಿಲ್ಲ, ಮಾನ್ಯರೇ. ಅವರದೇ ಹೊಲದ ಗೋಧಿ, ಬೆಲ್ಲ, ತುಪ್ಪ.

ಆಗ ಮೌನೇಶ ಖಾಲಿ ಜಮಖಾನೆಯ ನಟ್ಟನಡುವೆ ಹೋಗಿ ಕೂತ. "ಅವ್ವಾ, ನನಗ ನೀಡು" ಎಂದ.

ಮಂಜವ್ವ ನೀಡಿದರು. ಬಾಗಿಲಲ್ಲಿ ನಿಂತವರೆಲ್ಲರಿಗೂ ಕಾಣುವಂತೆ ಅವನು ತುತ್ತು ಎತ್ತಿದ, ಯಾರ ಮುಖವನ್ನೂ ನೋಡಲಿಲ್ಲ. ಶೃತಿ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಗಂಡನ ಪಕ್ಕ ಕೂತಳು. ಇನ್ನೊಂದು ಪಕ್ಕ ನಾನು ಕೂತೆ. ಉಳಿದವರು ಅಂಗಳದಲ್ಲಿ ಚಪ್ಪಲಿ ಹುಡುಕುತ್ತಿದ್ದರು.

ಪ್ರಯೋಗಾಲಯದ ಉತ್ತರ ಬಂದದ್ದು ಇದಾದ ಮೇಲೆ. ತಮ್ಮ ಕಚೇರಿಯ ಸಿಬ್ಬಂದಿ ಎಲ್ಲ ಸರಿ ಐತಿ, ಹೋಗು ಎಂದರಂತೆ. ಇದನ್ನೂ ಸಾಹೇಬರು ಒಂದು ವಿಡಿಯೋದಲ್ಲಿ ಹೇಳುತ್ತಾರೇನು ಎಂದು ಮೌನೇಶ ಕೇಳಿದ. ಸಾಹೇಬರು ಮೀಟಿಂಗಿನಲ್ಲಿದ್ದರು. ಮರುದಿನವೂ ಇದ್ದರು. ಒಳ್ಳೆಯ ಸುದ್ದಿ ಹೇಳಲು ಇಷ್ಟು ಪುರುಸೊತ್ತಿಲ್ಲದ ತಮಗೆ, ಅಂದು ನಡುಬೀದಿಯಲ್ಲಿ ಚೀಸ್ ಕರಗಿಸಿಕೊಂಡು ನಿಲ್ಲಲು ಹೊತ್ತು ಹೇಗೆ ಸಿಕ್ಕಿತು?

ಈಗ ಅವನ ಶೆಡ್ ಬೇರೆಯವರ ಕೈಯಲ್ಲಿದೆ. ಅವನು ಇಟ್ಟಂಗಿ ಸಾಗಿಸುವ ಲಾರಿ ಓಡಿಸುತ್ತಾನೆ. ಮೊನ್ನೆ ಲಕ್ಷ್ಮೇಶ್ವರದಲ್ಲಿ ಸಿಕ್ಕಾಗ, ನಾವೆಲ್ಲ ಮತ್ತೆ ನಿನ್ನಿಂದಲೇ ಸಾಮಾನು ತರಿಸುತ್ತೇವೆ, ಸಣ್ಣದಾಗಿಯಾದರೂ ಶುರು ಮಾಡು ಎಂದೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೇಳಿಸಿಕೊಂಡ.

"ಬ್ಯಾಡ್ರಿ ಅಕ್ಕಾ. ಮಂದಿ ತಿನ್ನೋ ಸಾಮಾನು ಇನ್ನ ನಾ ಮುಟ್ಟಂಗಿಲ್ಲ."

ಇದಕ್ಕೆ ಹೇಳುವ ಮಾತು ತಮ್ಮಲ್ಲಿದ್ದರೆ ಕೊಡಿ, ಅವನಿಗೆ ಮುಟ್ಟಿಸುತ್ತೇನೆ.

ತಪಾಸಣೆ ಬೇಡವೆಂದು ನಾನು ಹೇಳುತ್ತಿಲ್ಲ. ಕಲಬೆರಕೆ ಮಾಡುವವರನ್ನು ಹಿಡಿಯಿರಿ, ನನ್ನ ಅಂಗಡಿಗೂ ಬನ್ನಿ, ಡಬ್ಬಿ ಡಬ್ಬಿ ತೆಗೆದು ತೋರಿಸುತ್ತೇನೆ. ಆದರೆ ಮಾದರಿಯನ್ನು ಪರೀಕ್ಷೆಗೆ ಕಳಿಸಿದವರು ಉತ್ತರ ಬರುವವರೆಗೆ ಕಾಯಬೇಕಲ್ಲವೇ? ಕಾಯಲಿಲ್ಲ. ಇರಲಿ. ಈಗ ಉತ್ತರ ಬಂದಿದೆ. ತಾವು ಪರಿಹಾರ ಕೊಡುವುದು ಬೇಡ, ಕ್ಷಮೆ ಕೇಳುವುದೂ ಬೇಡ. ಅದೇ ರಸ್ತೆಯಲ್ಲಿ, ಹಾಗೆಯೇ ಹಾಡಹಗಲಿನಲ್ಲಿ, ಕ್ಯಾಮೆರಾದ ಮುಂದೆ ನಿಂತು, ಮೌನೇಶನ ಚೀಸ್ ಚೆನ್ನಾಗಿತ್ತು ಎಂದು ಹೇಳಿ. ಹೆಸರು ಹಿಡಿದು ಹೇಳಿ. ಅದನ್ನು ನಾನು ನಾಲ್ಕೂ ಊರಿನಲ್ಲಿ ಹೇಳಿ ನೋಡಿದೆ. ಎಲ್ಲರೂ ತಲೆಯಾಡಿಸಿದರು, ಯಾರೂ ನಂಬಲಿಲ್ಲ. ಮಂದಿ ನಂಬುವುದು ಅಧಿಕಾರಿಗಳಾದ ತಮ್ಮ ಮಾತನ್ನು. ಅದಕ್ಕೇ ತಮ್ಮನ್ನೇ ಕೇಳುತ್ತಿದ್ದೇನೆ.

ಇಂತಿ,
ಪಿಜ್ಜಾದ ಬೋರ್ಡ್ ಇಳಿಸಿ, ಈಗ ಚುರುಮುರಿಯ ಗಿರಮಿಟ್ ಮಾರುವ
ಶೈಲಾ, ಲಕ್ಷ್ಮೇಶ್ವರ