ಹಾರ್ನ್ ಕೂಗುತ್ತಲೇ ಇತ್ತು

ಅಪ್ಪಾ,

ನೀವು ಹೋದ ಮೇಲೆ ನಿಮ್ಮ ವ್ಯಾನನ್ನು ಮೊದಲ ಸಲ ಹೊರಗೆ ತೆಗೆದೆವು. ಗುಜರಿಗೆ ಹೊರಟಿದ್ದ ಬ್ರೆಡ್ ವ್ಯಾನಿಗೆ ಮಂಚ, ಒಲೆ, ಕಿಟಕಿ ಕೂಡಿಸಿ ನೀವು ಮನೆಯನ್ನೇ ಮಾಡಿದ್ದಿರಿ. "ನಂಗೂ ಒಂದು ಜಾಗ ಇರ್ಲಿ ಕಣೇ" ಎಂದು ಮೂಲೆಯಲ್ಲಿ ಮಡಚುವ ಸೀಟು ಕೂರಿಸಿದ್ದಿರಿ. ಅದರ ಮೇಲೆ ನಮ್ಮ ಚೀಲಗಳನ್ನು ಇಟ್ಟುಕೊಂಡೆವು.

ಕಡಲ ತೀರದ ಒಂದು ಊರಿಗೆ ಹೋಗಿ ದೀಪಸ್ತಂಭ ನೋಡಿದೆವು, ಬಂದರು ನೋಡಿದೆವು. ನಿಮ್ಮ ಅಳಿಯನಿಗೆ ಅಲೆಗಳ ಪಕ್ಕದಲ್ಲೇ ಚಹಾ ಕುಡಿಯುವ ಆಸೆಯಾಯಿತು. "ಮರಳು ಗಟ್ಟಿ ಇದೆ, ಏನೂ ಆಗಲ್ಲ" ಅಂದರು. ನಾನೂ ಹೂಂಗುಟ್ಟಿದೆ. ಚಹಾ ಕುಡಿದು ಹೊರಡೋಣವೆಂದರೆ ಹಿಂದಿನ ಚಕ್ರಗಳು ಹೂತುಹೋಗಿದ್ದವು. ನೀರು ಏರುತ್ತಿತ್ತು.

ಮೀನುಗಾರನೊಬ್ಬ ಟ್ರ್ಯಾಕ್ಟರ್ ತಂದು ಎಳೆದ. ಹಗ್ಗವೇ ಕಿತ್ತುಹೋಯಿತು. "ಬಿಡಿ ಅಮ್ಮಾ, ಇನ್ನು ಅದು ಸಮುದ್ರದ್ದೇ. ಜೀವ ಇದ್ರೆ ಇನ್ನೊಂದು ಗಾಡಿ ಮಾಡಿಸ್ಕೋಬಹುದು" ಎಂದ. ಯಾರ ಕೈಲಿ ಮಾಡಿಸಲಿ, ಅಪ್ಪಾ?

ದಂಡೆಯಲ್ಲಿ ನಿಂತು ನೋಡುವುದಷ್ಟೇ ಉಳಿದಿತ್ತು. ನೀರು ಬಾನೆಟ್ ಮುಟ್ಟಿದಾಗ ಹಾರ್ನ್ ತಾನಾಗಿಯೇ ಕೂಗತೊಡಗಿತು. ನಿಲ್ಲಲೇ ಇಲ್ಲ.

"ವೈರ್ ಒಳಗೆ ಉಪ್ಪುನೀರು ಹೊಕ್ಕಿರಬೇಕು, ಅಷ್ಟೇ ಕಣೇ" ಎಂದು ನಿಮ್ಮ ಅಳಿಯ ನನ್ನ ರಟ್ಟೆ ಹಿಡಿದರು. ಅಷ್ಟೂ ತಿಳಿಯದೇ ನನಗೆ, ನಾನು ಮೆಕ್ಯಾನಿಕ್ ಮಗಳಲ್ಲವೇ? ಆದರೂ ಕೈ ಕೊಡವಿಕೊಂಡು, "ಬಂದೆ, ಬಂದೆ" ಎಂದು ಅರಚುತ್ತಾ ಸೊಂಟದವರೆಗಿನ ನೀರಿಗೆ ಇಳಿದುಬಿಟ್ಟಿದ್ದೆ.

ಬಾಗಿಲು ಕೈಗೆ ಎಟುಕುವ ಮೊದಲೇ ಹಾರ್ನ್ ನಿಂತುಹೋಯಿತು.