ಕೋಚ್ ಅಲ್ಲ, ಮಾಲಿ

ನಾಗಪುರ, ಮಾರ್ಚ್ ೧೯೫೬

ಬಸವಂತಾ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಅದಕ್ಕೇ ಬಾಯಿಗೆ ಬಂದದ್ದನ್ನು ಬರೆಯುತ್ತಿದ್ದೇನೆ. ನಿನ್ನೆ ನಮ್ಮದೇ ಮೈದಾನದಲ್ಲಿ ನಮ್ಮ ಲೋಕೋ ಶೆಡ್ಡಿನ ಹಾಕಿ ತಂಡ ಕಾಮಠಿಯವರಿಂದ ಐದು ಗೋಲು ಹೊಡೆಸಿಕೊಂಡಿತು. ಫಾರ್ವರ್ಡುಗಳು ಮದುವೆಗೆ ಬಂದ ಬೀಗರಂತೆ ಅಡ್ಡಾಡಿದರು. ನಿನ್ನನ್ನೇನೂ ಹೊಗಳುತ್ತಿಲ್ಲ, ಈ ಮೈಗಳ್ಳರನ್ನು ಆರಿಸಿದ ಕೋಚ್ ನೀನೇ.

ನಿನ್ನ ಜಾಗಕ್ಕೆ ಬಂದ ಗೋಡಬೋಲೆ ಬಿಳಿ ಪ್ಯಾಂಟಿನ ಇಸ್ತ್ರಿ ಕೆಡದಂತೆ ಛತ್ರಿಯ ಕೆಳಗೆ ಕೂತಿದ್ದ. ಗೋಲಿನ ಮುಂದಿನ ನೆಲ ಒಣಗಿ ಹಕ್ಕಳೆ ಏಳುತ್ತಿತ್ತು. ಐದರಲ್ಲಿ ಮೂರು ಸಲ ಚೆಂಡು ಅಲ್ಲಿಯೇ ಪುಟಿದು ಗೋಲ್‌ಕೀಪರ್ ಪಾಂಡುರಂಗನ ಸ್ಟಿಕ್ಕಿನ ಮೇಲಿಂದ ಗೋಲಿಗೆ ಹಾರಿತು. ಪಂದ್ಯ ಮುಗಿದ ಮೇಲೆ, ಅಲ್ಲಿ ನಾಲ್ಕು ಬಕೆಟ್ ನೀರು ಹೊಡೆಯಲು ನಿನಗೇನು ಧಾಡಿ ಎಂದು ಗೋಡಬೋಲೆಯನ್ನೇ ಕೇಳಿದೆ.

“ಮೀ ಕೋಚ್ ಆಹೇ, ಮಾಳೀ ನಾಹೀ!” ಎಂದ. ತಾನು ಕೋಚಂತೆ, ಮಾಲಿಯಲ್ಲವಂತೆ. ಸುತ್ತಲಿದ್ದವರೆಲ್ಲ ನಕ್ಕರು.

ನೀನು ಪ್ರತಿ ಪಂದ್ಯಕ್ಕೆ ಮುಂಚೆ ಪ್ಯಾಂಟು ಮಡಚಿಕೊಂಡು ಅಲ್ಲಿ ನೀರು ಚಿಮುಕಿಸುತ್ತಿದ್ದೆ. “ಲೇ ಬಸವಂತಾ, ನೀ ಕೋಚ್ ಅಲ್ಲಲೇ, ಮಾಲಿ!” ಎಂದು ನಾನು ಮೂರು ವರ್ಷ ಇದೇ ಜನರನ್ನು ನಗಿಸಿದೆ. ನೀನೂ ನಗುತ್ತಿದ್ದೆ.

ಹುಬ್ಬಳ್ಳಿಗೆ ವರ್ಗ ಮಾಡಿಸಿಕೊಂಡು ಹೋಗುವ ಹಿಂದಿನ ವಾರ ನೀನು ನಗಲಿಲ್ಲ. ನಾನು ಅದನ್ನು ನೋಡಿ, ಇನ್ನೊಮ್ಮೆ ಕೂಗಿದ್ದೆ.

ನರಹರಿ