ಬಡವನಹಳ್ಳಿಯ ಮೇಲೆ ಇಪ್ಪತ್ತೈದನೇ ನಿಮಿಷ

ಮಧುಗಿರಿ
೧೬-೨-೨೦೨೫, ಭಾನುವಾರ

ಪ್ರೀತಿಯ ಮಗಳು ಅನುಷಾಗೆ,

ಹೇಗಿದ್ದೀಯಮ್ಮ? ವಿಮಾನ ಮೇಲೇರುವಾಗ ಕಿವಿ ಕಟ್ಟುತ್ತದೆ ಎಂದು ನಿಮ್ಮವ್ವನಿಗೆ ಹೇಳಿದ್ದೆಯಂತೆ, ಈಗ ವಾಸಿಯೇ? ನಾವು ಚೆನ್ನಾಗಿದ್ದೇವೆ. ನಿಮ್ಮಜ್ಜಿ ಮಾರಕ್ಕನಿಗೆ ಮಂಡಿನೋವು ಇದ್ದೇ ಇದೆ, ಬಾಯಿ ಮಾತ್ರ ಜೋರಾಗಿದೆ. ಫೋನಿನಲ್ಲಿ ನೀನೂ ನಾನೂ ಮಾತಾಡಿದಾಗಲೆಲ್ಲ ನಿನ್ನ ಕೆಲಸದ ವಿಷಯಕ್ಕೆ ಜಗಳವೇ ಆಗಿದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನೀನು ಶಿವಮೊಗ್ಗದಿಂದ ತಿರುಪತಿಗೆ ಹಾರುತ್ತೀಯಲ್ಲ, ಅದು ಎಷ್ಟು ದೂರ ಎಂಬುದು ಹೋದ ವಾರ ನನ್ನ ತಲೆ ಹೊಕ್ಕಿತು. ಶಿರಾದಲ್ಲಿ ಬಸ್ಸು ನಿಂತಾಗ ಒಂದು ಭೂಪಟ ಕೊಂಡುಬಂದೆ. ಎರಡು ಊರುಗಳ ನಡುವೆ ದಾರ ಹಿಡಿದು ಅಳೆದರೆ ಸುಮಾರು ನಾನೂರ ಇಪ್ಪತ್ತೈದು ಕಿಲೋಮೀಟರ್. ರಸ್ತೆಯಲ್ಲಾದರೆ ಐನೂರು ದಾಟುತ್ತದೆ. ವಿಮಾನ ಗಂಟೆಗೆ ಐನೂರು ಹೋಗುತ್ತದೆ ಎಂದಿಟ್ಟುಕೊಂಡರೂ ಐವತ್ತೊಂದು ನಿಮಿಷ ಸಾಕು. ಫೋನು ಮಾತ್ರ ಒಂದು ಗಂಟೆ ಹತ್ತು ನಿಮಿಷ ಎನ್ನುತ್ತದೆ. ಮಿಕ್ಕ ಹೊತ್ತು ಎಲ್ಲಿ ಹೋಯಿತು? ದಿನಾ ನಮ್ಮ ಬಸ್ಸಿಗೆ ಹತ್ತುವ ವಿಜ್ಞಾನದ ಮೇಡಂ ಲೋಹಿತಾ ಅವರನ್ನು ಕೇಳಿದೆ. "ಓಡಕ್ಕೆ, ಏರಕ್ಕೆ, ಇಳಿಯಕ್ಕೂ ಟೈಮ್ ಬೇಡ್ವಾ? ನಿಮ್ ಬಸ್ಸು ಸ್ಟ್ಯಾಂಡಿಂದ ಈಚೆ ಬರಕ್ಕೇ ಹತ್ತು ನಿಮಿಷ ತಗಳಲ್ವಾ?" ಎಂದರು. ಆ ಹತ್ತು ನಿಮಿಷದಲ್ಲಿ ನಾನೆಷ್ಟು ಟಿಕೆಟ್ ಹರಿಯುತ್ತೇನೆ ಎಂಬುದು ನೆನಪಾಯಿತು. ನಿನಗೂ ಹಾಗೆಯೇ ಕೈತುಂಬ ಕೆಲಸವಿರಬೇಕು.

ಆದರೆ ನನ್ನ ಎದೆ ಝಲ್ಲೆಂದದ್ದು ಬೇರೆ ಕಾರಣಕ್ಕೆ. ಆ ದಾರ ಶಿರಾ, ಬಡವನಹಳ್ಳಿ, ಮಧುಗಿರಿಯ ಪಕ್ಕದಲ್ಲೇ ಹಾದುಹೋಗಿತ್ತು! ನೀನು ಎಲ್ಲೋ ದೂರದಲ್ಲಿದ್ದೀಯ ಎಂದು ನಾನು ತಿಳಿದಿದ್ದೆ, ನೋಡಿದರೆ ನೀನು ನನ್ನ ರೂಟಿನ ಮೇಲೆಯೇ ಹೋಗುತ್ತಿದ್ದೆ.

ವಿಮಾನ ಹೊರಡುವ ಹೊತ್ತಿಗೆ, ಅದು ನಮ್ಮ ಕಡೆ ತಲುಪಲು ಬೇಕಾದ ಇಪ್ಪತ್ತೈದು ನಿಮಿಷ ಕೂಡಿಸಿದೆ. ಬುಧವಾರ ಆ ಹೊತ್ತಿಗೆ ಸರಿಯಾಗಿ ನಮ್ಮ ಬಸ್ಸು ಬಡವನಹಳ್ಳಿಯಲ್ಲಿತ್ತು. ಕಿಟಕಿಯಿಂದ ಕತ್ತು ಹೊರಹಾಕಿದೆ. ಆಕಾಶದಲ್ಲಿ ಒಂದು ಬಿಳಿ ಚುಕ್ಕೆ ಮೂಡಲಕ್ಕೆ ಹೋಗುತ್ತಿತ್ತು.

"ಲೇ ಮುತ್ತುರಾಜ, ಟಿಕೀಟ್ ಕೊಡಾದು ಬುಟ್ಟು ಮ್ಯಾಲೇನ್ಲಾ ನೋಡ್ತೀಯ?" ಎಂದು ಐ.ಡಿ.ಹಳ್ಳಿಯ ಚಿಕ್ಕಹನುಮಕ್ಕ ಬೈದಳು.

"ನನ್ ಮಗ್ಳು ಕಣಮ್ಮ, ಆ ಇಮಾನದಾಗೆ ಕೆಲ್ಸ ಮಾಡ್ತಾಳೆ" ಎಂದುಬಿಟ್ಟೆ.

ಅನುಷಾ, ನಿನ್ನಿಂದ ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಹೇಳುತ್ತೇನೆ. ಒಂದು ವರ್ಷದಿಂದ ಯಾರು ಕೇಳಿದರೂ ನೀನು ಶಿವಮೊಗ್ಗದಲ್ಲಿ ಆಫೀಸ್ ಕೆಲಸದಲ್ಲಿದ್ದೀಯ ಎಂದೇ ಹೇಳುತ್ತಿದ್ದೆ. ಕಂಡವರಿಗೆ ಕಾಫಿ ಕೊಡುವ ಕೆಲಸ ಎಂದು ಜನ ಆಡಿಕೊಂಡಾರೆಂಬ ಅಂಜಿಕೆ. ಅವತ್ತು ಯಾರೂ ಆಡಿಕೊಳ್ಳಲಿಲ್ಲ. ಬಸ್ಸಿಗೆ ಬಸ್ಸೇ ಕಿಟಕಿಗೆ ವಾಲಿತು. ಡ್ರೈವರ್ ರೇಣುಕಯ್ಯ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿದ. ಚಿಕ್ಕಹನುಮಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು, "ಅಷ್ಟೆತ್ರದಾಗೆ ನಿಂತ್ಕಂಡು ಕೆಲ್ಸ ಮಾಡ್ತದಾ ಮಗ? ಗಟ್ಟಿಗಿತ್ತಿ ಬುಡು" ಎಂದಳು. ಅದು ನಿನ್ನ ವಿಮಾನವೇ ಆಗಿರಬೇಕೆಂದಿಲ್ಲ, ವಿಮಾನ ದಾರದ ಮೇಲೆಯೇ ಹೋಗುವುದಿಲ್ಲ ಎಂದು ಆಮೇಲೆ ಲೋಹಿತಾ ಮೇಡಂ ಹೇಳಿದರು. ಇರಲಿ. ಹೇಳಬೇಕಾದ ಮಾತು ಬಾಯಿಂದ ಬಂದಾಗಿತ್ತು.

ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮವ್ವ, ಅಜ್ಜಿ ನಿನ್ನನ್ನು ತುಂಬ ನೆನೆಯುತ್ತಾರೆ. ಎಲ್ಲಿ ಹಾರಿದರೂ ಸುಖವಾಗಿ ಇಳಿ, ಮಗಳೇ.

ನಿನ್ನ ಅಪ್ಪ,
ಮುತ್ತುರಾಜ್

ಮರೆತಿದ್ದೆ: ಮುಂದಿನ ತಿಂಗಳು ಎರಡನೇ ಶನಿವಾರಕ್ಕೆ ಶಿವಮೊಗ್ಗದಿಂದ ತಿರುಪತಿಗೆ ನನಗೂ ನಿಮ್ಮವ್ವನಿಗೂ ವಿಮಾನದ ಟಿಕೆಟ್ ಮಾಡಿಸಿದ್ದೇನೆ. ಅವತ್ತು ನಿನ್ನ ಡ್ಯೂಟಿ ಇದೆಯೇ, ತಿಳಿಸು. ಇದ್ದರೆ, ನಿಮ್ಮ ನಿಯಮ ಏನೇ ಇರಲಿ, ನನ್ನನ್ನು ಸರ್ ಎನ್ನಬೇಡ. ಎಲ್ಲರಿಗೂ ಕೇಳುವಂತೆ ಅಪ್ಪಾ ಎಂದು ಕರೆ.